ಅಪ್ಪಂಗೆ ಸ್ಟ್ರೋಕ್ ಆಗಿ ಐದು ತಿಂಗಳು, ಸ್ಟೆಮ್ ಸೆಲ್ ಮಾಡಿಸ್ಬೇಕಾ? ಅನುಭವ ಇರೋರು ಹೇಳಿ

ತಿಪಟೂರು ಹುಡುಗಿ: ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 61 ವರ್ಷ. ಈಗ ಕೋಲು ಹಿಡ್ಕೊಂಡು ನಡೀತಾರೆ, ಬಲಗೈ ಮಣಿಕಟ್ಟು ಸ್ವಲ್ಪ ಎತ್ತುತ್ತಾರೆ, ಬೆರಳು ಚೂರು ಬಿಡಿಸ್ತಾರೆ ಅಷ್ಟೇ, ಮಾತಂತೂ ಗಂಟಲಲ್ಲೇ ನಿಂತ್ಹೋಗುತ್ತೆ. ಒಂದು ಕ್ಲಿನಿಕ್‌ನೋರು ದಿನಾ ಫೋನ್ ಮಾಡಿ "ಸ್ಟೆಮ್ ಸೆಲ್, ಅಂದ್ರೆ ಮೂಲ ಜೀವಕೋಶ, ಹಾಕಿದ್ರೆ ನರ ಹೊಸದಾಗಿ ಹುಟ್ಟುತ್ತೆ, ರಿಸರ್ಚ್ ಆಗಿರೋ ಟ್ರೀಟ್‌ಮೆಂಟು, ನಾಲ್ಕು ಲಕ್ಷ" ಅಂತಿದಾರೆ. ಅಮ್ಮ ಒಡವೆ ಅಡ ಇಡೋಕೆ ರೆಡಿ. ಯಾರಾದ್ರೂ ಮಾಡಿಸಿದೀರಾ?

ದಾವಣಗೆರೆ ಫಿಸಿಯೋ: ಒಡವೆ ಬೀರುವಲ್ಲೇ ಇರ್ಲಿ ಕಣಮ್ಮ. ಇದರ ಟ್ರಯಲ್ ನಮ್ಮ ದೇಶದಲ್ಲೇ ಆಗಿದೆ, 2014ರಲ್ಲಿ ರಿಸಲ್ಟ್ ಬಂತು. ಐದು ಆಸ್ಪತ್ರೆ, 120 ಜನ, ಒಂದು ಗುಂಪಿಗೆ ಅವರದೇ ಮೂಳೆಮಜ್ಜೆಯ ಸೆಲ್ಸ್ ತೆಗೆದು ರಕ್ತನಾಳಕ್ಕೆ ಕೊಟ್ರು, ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳಿಗೆ ನೋಡಿದ್ರೆ ಅಪಾಯಾನೂ ಇಲ್ಲ, ಉಪಯೋಗಾನೂ ಇಲ್ಲ. ಬೇರೆ ಬಗೆ ಸೆಲ್ಸ್ ಮೇಲೆ ಕೆಲಸ ನಡೀತಿದೆ ನಿಜ, ಆದ್ರೆ ಇನ್ನೂ ನಡೀತಿರೋದನ್ನ ಗ್ಯಾರಂಟಿ ಅಂತ ಮಾರ್ತಾರಲ್ಲ ಅದೇ ಕೋಪ ಬರೋದು. ಅವರಿಗೆ ಒಂದೇ ಮಾತು ಕೇಳಿ, "ಸಿಟಿಆರ್‌ಐ ನಂಬರ್ ಕೊಡಿ" ಅಂತ. ಅದು ಟ್ರಯಲ್‌ಗಳ ಸರ್ಕಾರಿ ರಿಜಿಸ್ಟ್ರಿ, ಆನ್‌ಲೈನಲ್ಲಿ ಯಾರು ಬೇಕಾದ್ರೂ ನೋಡಬಹುದು. ನಿಜವಾದ ಟ್ರಯಲ್ ಆಗಿದ್ರೆ ಪ್ರಯೋಗದ ಇಂಜೆಕ್ಷನ್‌ಗೆ ರೋಗಿ ಹತ್ರ ದುಡ್ಡು ಕೇಳಂಗಿಲ್ಲ.

ಧಾರವಾಡ ಕಾಕಾ: ನಮ್ಮ ಅಣ್ಣಾಗ ಲಕ್ವಾ ಹೊಡದಾಗ ಮಂದಿ ಪಾರಿವಾಳದ ರಕ್ತಾ ಹಚ್ರಿ ಅಂದಿದ್ರು, ಈಗ ಸ್ಟೆಮ್ ಸೆಲ್ ಅಂತಾರ ನೋಡ್ರಿ. ನಮ್ಮ ಓಣ್ಯಾಗಿನವ್ರು ಒಬ್ರು ಮಾಡಿಸಿದ್ರು. ಮೊದ್ಲಿನ ವಾರ ಚಲೋ ಆದಂಗ ಅನಿಸ್ತು, ಯಾಕಂದ್ರ ಅಲ್ಲೇ ಅಡ್ಮಿಟ್ ಮಾಡ್ಕೊಂಡು ದಿನಾ ಮೂರ್ಮೂರು ಸಲ ವ್ಯಾಯಾಮ ಮಾಡಸ್ತಿದ್ರು, ಅದರ ಪುಣ್ಯಾನ ಇಂಜೆಕ್ಷನ್ ಹೆಸರಿಗೆ ಬರಕೊಂಡ್ರು. ಮನಿಗೆ ಬಂದ ಮ್ಯಾಲೆ ಕೈ ಹಂಗ ಐತಿ, ರೊಕ್ಕಾ ಹೋತು.

ಶಿವಮೊಗ್ಗ ಸೊಸೆ: ಮಾತ್ರೆ ಬಗ್ಗೆನೂ ಒಂದು ಹೇಳ್ತೀನಿ. ನಮ್ಮತ್ತೆಗೆ ಕೈ ಬೇಗ ಬರುತ್ತೆ ಅಂತ ಫ್ಲುಯೊಕ್ಸೆಟಿನ್ ಅನ್ನೋ ಡಿಪ್ರೆಶನ್ ಮಾತ್ರೆ ಬರೆದಿದ್ರು. 2011ರಲ್ಲಿ ಫ್ರಾನ್ಸಲ್ಲಿ 118 ಜನರ ಸಣ್ಣ ಟ್ರಯಲ್ ಆಗಿ ಆಸೆ ಹುಟ್ಟಿತ್ತಂತೆ, ಆಮೇಲೆ ಬ್ರಿಟನ್ನಲ್ಲಿ 3127 ಜನಕ್ಕೆ ನೋಡಿದ್ರೆ ಕೈಕಾಲಿಗೆ ಲಾಭ ಇಲ್ಲ, ಡಿಪ್ರೆಶನ್ ಕಮ್ಮಿ ಆಯ್ತು, ಆದ್ರೆ ಮೂಳೆ ಮುರಿಯೋದು ಜಾಸ್ತಿ ಆಯ್ತು. ಅತ್ತೆಗೆ ಮೊದಲೇ ಮೂಳೆ ಸವೆತ, ಡಾಕ್ಟ್ರ ಹತ್ರ ಈ ಮಾತೆತ್ತಿದಾಗ ಅವರೇ ನಿಧಾನಕ್ಕೆ ನಿಲ್ಸಿದ್ರು. ಮನಸ್ಸು ಕುಗ್ಗಿರೋದಕ್ಕೆ ಕೊಟ್ಟಿದ್ರೆ ಅದು ಬೇರೆ ವಿಷ್ಯ, ನೀವಾಗೇ ನಿಲ್ಲಿಸ್ಬೇಡಿ.

ಡೌಟ್ ರಾಜ: ಹಂಗಾದ್ರೆ ಮನೇಲೇ ವ್ಯಾಯಾಮ ಮಾಡ್ಸಿದ್ರೆ ಆಯ್ತು ಅಂತೀರಾ? ಅದನ್ನೂ ಇಲ್ಲೇ ನೋಡಿದಾರೆ ಸ್ವಾಮಿ, ಅಟೆಂಡ್ ಟ್ರಯಲ್ ಅಂತ, 2017, 14 ಆಸ್ಪತ್ರೆ, 1250 ಜನ. ಒಂದು ಗುಂಪಿನ ಮನೆಯವರಿಗೆ ಟ್ರೇನಿಂಗ್ ಕೊಟ್ರು, ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ. ಆರು ತಿಂಗಳಾದ್ಮೇಲೆ ತೀರಿಕೊಂಡವರು, ಇನ್ನೊಬ್ರ ಆಸರೆ ಬೇಕಾದವರು ಸೇರಿ ಎರಡೂ ಗುಂಪಲ್ಲಿ 47 ಪರ್ಸೆಂಟ್.

ದಾವಣಗೆರೆ ಫಿಸಿಯೋ: ಸರಿಯಾಗೇ ಹೇಳಿದ್ರಿ ರಾಜಣ್ಣ. ಆದ್ರೆ ಅದು ಹೇಳೋದು ಮನೆಯವರಿಗೆ ಒಂದಿಷ್ಟು ಕಲಿಸಿ ಕಳಿಸಿದ್ರೆ ಮಾಮೂಲಿ ಆರೈಕೆಗಿಂತ ಹೆಚ್ಚೇನೂ ಆಗ್ಲಿಲ್ಲ ಅಂತ, ವ್ಯಾಯಾಮಾನೇ ದಂಡ ಅಂತಲ್ಲ. ಅಮೆರಿಕದಲ್ಲಿ 2006ರ ಎಕ್ಸೈಟ್ ಟ್ರಯಲ್ ನೋಡಿ, 222 ಜನ, ಸ್ಟ್ರೋಕ್ ಆಗಿ 3ರಿಂದ 9 ತಿಂಗಳು ಆದವರು, ಮಣಿಕಟ್ಟು ಬೆರಳು ಸ್ವಲ್ಪ ಆಡೋವ್ರು, ಅಂದ್ರೆ ನಿಮ್ಮಪ್ಪನ ಥರದವ್ರೇ. ಎರಡು ವಾರ ಚೆನ್ನಾಗಿರೋ ಕೈಗೆ ಗವಸು ಹಾಕಿ ಕೂರ್ಸಿ, ದಿನಾ ಗಂಟೆಗಟ್ಟಲೆ ಸ್ವಾಧೀನ ಇಲ್ಲದ ಕೈಲೇ ಕೆಲಸ ಮಾಡಿಸಿದ್ರು, ವರ್ಷದ ನಂತರಾನೂ ಗುಣ ಉಳಿದಿತ್ತು. ನಾನು ಮಾಡಿಸೋದು ಹಿಂಗೆ: ತಟ್ಟೇಲಿ ಅವರೆಕಾಳು ಹಾಕಿ ಒಂದೊಂದೇ ಲೋಟಕ್ಕೆ ಹಾಕ್ಬೇಕು, ಶರ್ಟಿನ ಗುಂಡಿ, ಡಬ್ಬದ ಮುಚ್ಚಳ, ಟವೆಲ್ ಹಿಂಡೋದು. ಬೇಜಾರಾಗಿ ಬೈತಾರೆ, ಬೈಸ್ಕೊಳ್ಳಿ. ಆದ್ರೆ ನಿಮ್ಮಪ್ಪ ಎಡಗೈಲಿ ಕೋಲು ಹಿಡೀತಾರಲ್ವಾ, ಎದ್ದು ನಿಲ್ಲೋ ಮುಂಚೆ ಗವಸು ಬಿಚ್ಚಲೇಬೇಕು, ಬಿದ್ರೆ ಇನ್ನೊಂದು ರಾಮಾಯಣ. ಹತ್ತಿರದ ಫಿಸಿಯೋ ಒಮ್ಮೆ ನೋಡಿ ಓಕೆ ಅಂದ್ಮೇಲೆ ಶುರು ಮಾಡಿ.

ಡಲ್ಲಾಸ್ ನರ್ಸ್: ಇಲ್ಲಿ ಹೊಸದು ಅಂದ್ರೆ ವೇಗಸ್ ನರಕ್ಕೆ ಕರೆಂಟ್ ಕೊಡೋದು. ಎದೇಲಿ ಸಣ್ಣ ಮಶೀನ್ ಇಟ್ಟು ಕತ್ತಿನ ನರಕ್ಕೆ ವೈರ್ ಸುತ್ತುತ್ತಾರೆ, ಕೈ ಆಡಿಸೋ ಹೊತ್ತಿಗೆ ಸರಿಯಾಗಿ ಥೆರಪಿಸ್ಟ್ ಬಟನ್ ಒತ್ತುತ್ತಾರೆ. 108 ಜನರ ಟ್ರಯಲ್ ಆಗಿ 2021ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ತು. ಅದಕ್ಕೂ ಆಪರೇಷನ್ ಆದ್ಮೇಲೆ ವಾರಗಟ್ಟಲೆ ಕೈ ಕೆಲಸ ಮಾಡ್ಲೇಬೇಕು, ಮಶೀನ್ ಒಂದೇ ಏನೂ ಮಾಡಲ್ಲ.

ಮೈಸೂರು ಮಂಜಣ್ಣ: ಎಲ್ರೂ ಕೈ ಹಿಂದೆ ಬಿದ್ರಿ, ಮಾತು? ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ, ನಾವು ಆಯಿಷ್ ಅಂತೀವಿ, ಕನ್ನಡದಲ್ಲೇ ಸ್ಪೀಚ್ ಥೆರಪಿ ಸಿಗುತ್ತೆ. ಆರು ತಿಂಗಳಾದ್ಮೇಲೆ ಮಾತು ಬರಲ್ಲ ಅಂತಾರಲ್ಲ, ನಂಬ್ಬೇಡಿ. ಜರ್ಮನಿಯಲ್ಲಿ 2017ರ ಟ್ರಯಲ್‌ನಲ್ಲಿ ಆರು ತಿಂಗಳು ದಾಟಿದವರಿಗೇ ವಾರಕ್ಕೆ 10 ಗಂಟೆಗೂ ಹೆಚ್ಚು ಹಂಗೆ ಮೂರು ವಾರ ಥೆರಪಿ ಕೊಟ್ಟಾಗ ದಿನಬಳಕೆ ಮಾತು ಸುಧಾರಿಸ್ತು. ವಾರಕ್ಕೊಂದು ಅರ್ಧ ಗಂಟೆ ಸಾಲದು ಅಂತ ಅರ್ಥ.

ತಿಪಟೂರು ಹುಡುಗಿ: ತುಂಬಾ ಥ್ಯಾಂಕ್ಸ್. ಕ್ಲಿನಿಕ್‌ಗೆ ಫೋನ್ ಮಾಡಿ ಸಿಟಿಆರ್‌ಐ ನಂಬರ್ ಕೇಳ್ದೆ, "ಸರ್‌ನ ಕೇಳಿ ಹೇಳ್ತೀವಿ ಮೇಡಂ" ಅಂದವರು ಮೂರು ಲಕ್ಷಕ್ಕೆ ಇಳಿದ್ರು! ಅಮ್ಮನಿಗೆ ಅಲ್ಲೇ ಅರ್ಥ ಆಯ್ತು. ಮಂಜಣ್ಣ, ಆಯಿಷ್‌ಗೆ ಹೋಗ್ಬೇಕಾದ್ರೆ ಸ್ಕ್ಯಾನ್ ರಿಪೋರ್ಟ್ ಎಲ್ಲಾ ತರಬೇಕಾ?

ಮೈಸೂರು ಮಂಜಣ್ಣ: ತನ್ನಿ ತಾಯಿ, ಡಿಸ್ಚಾರ್ಜ್ ಸಮರಿನೂ ತನ್ನಿ. ಬೆಳಿಗ್ಗೇನೇ ಬಂದ್ಬಿಡಿ.