ಐವಿಎಫ್ ಬಸುರಿಗೆ ಆಸ್ಪಿರಿನ್ ಯಾಕೆ? ಮಳೆಗಾಲದಲ್ಲಿ ಊರಲ್ಲೇ ಇರಬಹುದಾ?

ನಗರದ ಕಡೆಯವಳು:
ನಮ್ಮದು ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರ ಕಡೆ. ನನಗೆ 38. ಫ್ರೋಜನ್ ಎಂಬ್ರಿಯೊ (ಲ್ಯಾಬಿನಲ್ಲಿ ಬೆಳೆಸಿ ಫ್ರೀಜ್ ಮಾಡಿಟ್ಟ ಭ್ರೂಣ) ಹಾಕಿಸಿದ್ದು, ಈಗ ಬಸುರಿಗೆ 11 ವಾರ, ಒಂದೇ ಮಗು. ಆಗಸ್ಟ್ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಬಿಪಿ, ಶುಗರ್ ಏನೂ ಇಲ್ಲ. ಆದರೂ ಮುಂದಿನ ವಾರದಿಂದ ರಾತ್ರಿ ಆಸ್ಪಿರಿನ್ ತಗೊಳ್ಳಿ ಅಂದಿದ್ದಾರೆ. ಅದು ಹಾರ್ಟಿನವರ ಮಾತ್ರೆ ಅಲ್ವಾ? ಅತ್ತೆ ಹಾಸಿಗೆಯಿಂದ ಏಳೋಕೇ ಬಿಡುತ್ತಿಲ್ಲ. ಮಳೆಗಾಲ ನೆನೆಸಿಕೊಂಡರೆ ಭಯವಾಗುತ್ತದೆ.

ತೀರ್ಥಹಳ್ಳಿ ಅಕ್ಕ:
ತಂಗಿ, ಮಾತ್ರೆ ಬಿಡಬೇಡ. ನನಗೂ ಫ್ರೋಜನ್‌ನಲ್ಲೇ ನಿಂತಿದ್ದು. 33ನೇ ವಾರದಲ್ಲಿ ಮುಖ ಊದಿತು, ಬಳೆ ಬಿಗಿಯಾಯಿತು, ತಲೆನೋವು ಇಳಿಯಲೇ ಇಲ್ಲ. ಬಸುರಿಯರಿಗೆ ಊತ ಸಹಜ ಅಂತ ಎಲ್ಲರೂ ಅಂದರು. ಮನೆಯ ಮೆಷಿನ್‌ನಲ್ಲಿ ನೋಡಿದರೆ 160/110. ಆ ರಾತ್ರಿಯೇ ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ಹತ್ತಿರ ಮರ ಬಿದ್ದಿತ್ತು. ಅದನ್ನು ಕಡಿದು ದಾರಿ ಮಾಡುವವರೆಗೂ ಕಾರಲ್ಲೇ ಕೂತಿದ್ದೆ. ಮಗಳು ತಿಂಗಳು ತುಂಬದೇ ಹುಟ್ಟಿದಳು, ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ (ಎನ್ಐಸಿಯು) ಇರಬೇಕಾಯಿತು. ಈಗ ಶಾಲೆಗೆ ಹೋಗುತ್ತಾಳೆ.

ಬಸುರಿಯಲ್ಲಿ ಹೀಗೆ ಬಿಪಿ ಏರಿ ತೊಂದರೆ ಕೊಡುವುದಕ್ಕೆ ಪ್ರಿಎಕ್ಲಾಂಪ್ಸಿಯಾ ಅಂತಾರೆ. ಐವಿಎಫ್‌ನಲ್ಲಿ ಸ್ವಲ್ಪ ಜಾಸ್ತಿ. ಅದರಲ್ಲೂ ಬರೀ ಹಾರ್ಮೋನ್ ಮಾತ್ರೆ ಕೊಟ್ಟು ಗರ್ಭಕೋಶ ತಯಾರು ಮಾಡಿ ಫ್ರೋಜನ್ ಹಾಕಿದಾಗ. ಆ ತಿಂಗಳು ಅಂಡಾಶಯದಿಂದ ಮೊಟ್ಟೆ ಬಿಡುಗಡೆ ಆಗಿರುವುದಿಲ್ಲ. ಮೊಟ್ಟೆ ಬಿಟ್ಟ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲೂಟಿಯಂ ಅನ್ನೋ ಗ್ರಂಥಿ, ರಕ್ತನಾಳಗಳು ಬಸುರಿಗೆ ಹೊಂದಿಕೊಳ್ಳಲು ಬೇಕಾದ ಕೆಲವು ಹಾರ್ಮೋನ್ ಕೊಡುತ್ತದೆ. ಅದು ಇಲ್ಲದ್ದೇ ಒಂದು ಕಾರಣ ಇರಬಹುದು ಅಂತ ನನ್ನ ಡಾಕ್ಟರ್ ವಿವರಿಸಿದ್ದರು. ವಯಸ್ಸೂ ಸೇರುತ್ತದೆ. ಹಾಗಂತ ಎಲ್ಲರಿಗೂ ಬರುವುದಿಲ್ಲ. ಆಸ್ಪಿರಿನ್ ಕಡಿಮೆ ಡೋಸ್‌ನಲ್ಲಿ 16 ವಾರದೊಳಗೆ ಶುರು ಮಾಡಿದರೆ ಬರುವ ಸಾಧ್ಯತೆ ತಗ್ಗುತ್ತದೆ. ಡೋಸ್ ಮಾತ್ರ ಡಾಕ್ಟರೇ ಹೇಳಬೇಕು.

ತೋಳಿಗೆ ಕಟ್ಟುವ ಬಿಪಿ ಮೆಷಿನ್ ಈಗಲೇ ತಗೋ. 140/90 ದಾಟಿದರೆ ಫೋನ್ ಮಾಡು. ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡ.

ನಿವೃತ್ತ ನರ್ಸ್, ಶಿವಮೊಗ್ಗ:
ಅತ್ತೆಯವರಿಗೆ ಸಮಾಧಾನವಾಗಿ ಹೇಳಮ್ಮ, ಸುಮ್ನೆ ಮಲಗಿದರೆ ಗರ್ಭ ಗಟ್ಟಿಯಾಗುವುದಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಐವಿಎಫ್‌ನವರಿಗೆ ಮೊದಲೇ ಹೆಚ್ಚು, ಮಲಗಿದರೆ ಇನ್ನೂ ಹೆಚ್ಚುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ಅಂಗಳದಲ್ಲಿ ಓಡಾಡು. 20 ವಾರದ ಆಸುಪಾಸಿನ ಸ್ಕ್ಯಾನ್‌ನಲ್ಲಿ ಮಾಸು ಕೆಳಗೆ ಕೂತಿದೆಯಾ ಅಂತ ಕೇಳು. ಐವಿಎಫ್‌ನಲ್ಲಿ ಅದೂ ಸ್ವಲ್ಪ ಜಾಸ್ತಿ ಕಾಣುತ್ತದೆ, ಮಾಸು ಕೆಳಗಿದ್ದರೆ ನೋವಿಲ್ಲದೇ ರಕ್ತ ಹೋಗಬಹುದು. ಶುಗರ್ ಟೆಸ್ಟ್ 24ರಿಂದ 28 ವಾರದಲ್ಲಿ ಮತ್ತೆ ಮಾಡಿಸು, ಈಗ ಸರಿ ಇದೆ ಅಂತ ಬಿಡಬೇಡ.

ನಗರದ ಕಡೆಯವಳು:
ಮೆಷಿನ್ ತರಲು ಇವರಿಗೆ ಹೇಳಿದೆ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆ ಇದೆ. ಯಾವಾಗ ಹೋಗಿ ಇರಲಿ?

ತೀರ್ಥಹಳ್ಳಿ ಅಕ್ಕ:
ಜುಲೈ ಶುರುವಿಗೇ ಹೋಗು. ಬಿಪಿ ಬರೆದಿಟ್ಟ ಪುಸ್ತಕ, ಎಂಬ್ರಿಯೊ ಹಾಕಿದ ಆಸ್ಪತ್ರೆಯ ಫೈಲ್ ಎರಡೂ ಜೊತೆಗಿರಲಿ.