ಸಹಾಯ ಬೇಕು: ಫ್ರೆಂಚ್‌ನಲ್ಲಿ ಎರಡು ಮೂರು ಗುಣವಾಚಕ ಒಟ್ಟಿಗೆ ಬಂದರೆ ಯಾವುದು ಮೊದಲು?

ಎಲ್ಲರಿಗೂ ನಮಸ್ಕಾರ. ಫ್ರೆಂಚ್ ಭಾಷೆಯ ಡೆಲ್ಫ್ ಬಿ1 (ಮಧ್ಯಮ ಹಂತದ) ಪರೀಕ್ಷೆಗೆ ಓದುತ್ತಿದ್ದೇನೆ. ಫ್ರೆಂಚ್ ಬಲ್ಲವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಕನ್ನಡದಲ್ಲಿ 'ಬಿಳಿ ದುಂಡು ಮೇಜು' ಅಂತ ಎಲ್ಲವನ್ನೂ ನಾಮಪದಕ್ಕಿಂತ ಮೊದಲೇ ಇಡುತ್ತೇವೆ. ಫ್ರೆಂಚ್‌ನಲ್ಲಿ ಪತಿ (ಚಿಕ್ಕ), ಗ್ರಾಂ (ದೊಡ್ಡ), ಬೋ (ಸುಂದರ), ಬೋಂ (ಒಳ್ಳೆಯ), ವ್ಯೂ (ಹಳೆಯ) ಥರದ ಚಿಕ್ಕ, ದಿನಬಳಕೆಯ ಪದಗಳು ಸಾಮಾನ್ಯವಾಗಿ ಮೊದಲು. ಬಣ್ಣ, ಆಕಾರ, ದೇಶ ಎಲ್ಲ ನಂತರ. ಹಾಗಾಗಿ 'ಯೂನ್ ಪತೀತ್ ತಾಬ್ಲ್ ರೋಂದ್' (ಚಿಕ್ಕ ದುಂಡು ಮೇಜು) ಸಲೀಸು.

ಒಂದೇ ಕಡೆ ಎರಡು ಸೇರಿದಾಗಲೇ ತೊಡಕು. 'ಯೂನ್ ಜೋಲಿ ಪತೀತ್ ಮೇಝೋಂ' (ಮುದ್ದಾದ ಪುಟ್ಟ ಮನೆ) ಅನ್ನುತ್ತಾರೆ, 'ಪತೀತ್ ಜೋಲಿ' ಅನ್ನುವುದಿಲ್ಲ. ಅಭಿಪ್ರಾಯ ಹೇಳುವ ಪದ ಗಾತ್ರಕ್ಕಿಂತ ಮೊದಲು ಬರಬೇಕು ಅಂತಲೇ?

ನಾಮಪದದ ನಂತರ, ಬಗೆಯನ್ನು ಹೇಳುವ ಪದ ಅದಕ್ಕೆ ಅಂಟಿಕೊಂಡಿರುತ್ತದೆ ಅಂತ ಕಾಣುತ್ತದೆ: 'ಅಂ ವ್ಯಾಂ ಬ್ಲಾಂ ಸೆಕ್' (ಸಿಹಿಯಿಲ್ಲದ ಬಿಳಿ ವೈನ್), 'ಯೂನ್ ವಾತ್ಯೂರ್ ಎಲೆಕ್ತ್ರೀಕ್ ರೂಝ್' (ಕೆಂಪು ಎಲೆಕ್ಟ್ರಿಕ್ ಕಾರು). ಇದು ತುಂಬಾ ಚೆಂದದ ತರ್ಕ. ಆದರೆ 'ದುಂಡು', 'ಬಿಳಿ' ಎರಡೂ ಒಂದೇ ತೂಕದವು. ಆಗ 'ರೋಂದ್ ಬ್ಲಾಂಶ್' ಸರಿಯೋ, 'ಬ್ಲಾಂಶ್ ರೋಂದ್' ಸರಿಯೋ? ನಡುವೆ 'ಎ' (ಮತ್ತು) ಯಾವಾಗ ಕಡ್ಡಾಯ?

ಫ್ರಾನ್ಸ್‌ನಲ್ಲೋ ಕೆನಡಾದ ಕ್ವಿಬೆಕ್‌ನಲ್ಲೋ ಇರುವವರು ಮಾತಿನಲ್ಲಿ ಕೇಳುವ ಉದಾಹರಣೆಗಳನ್ನೇ ಕೊಟ್ಟರೆ ಇನ್ನೂ ಒಳ್ಳೆಯದು.