ಓರಗಿತ್ತಿಯ ಎದೆಹಾಲನ್ನು ನನ್ನ ಮಗುವಿಗೆ ಕುಡಿಸಬಹುದೇ?

ಪ್ರಶ್ನೆ:
ಮಗುವಿಗೆ ಮೂರು ವಾರ. ನನ್ನ ಹಾಲು ಸಾಲುತ್ತಿಲ್ಲವೆಂದು ಕಂಡು, ಎಳೆಗೂಸಿನ ತಾಯಿಯಾದ ನನ್ನ ಓರಗಿತ್ತಿ ತನ್ನಲ್ಲಿ ಮಿಕ್ಕುವ ಹಾಲನ್ನು ದಿನವೂ ಹಿಂಡಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಅವರು ಆರೋಗ್ಯವಾಗಿಯೇ ಇದ್ದಾರೆ. ಅದನ್ನು ಹಾಗೆಯೇ ಕುಡಿಸಬಹುದೇ?

ಉತ್ತರ 1:
ನೋಡಲು ಆರೋಗ್ಯವಾಗಿದ್ದರಷ್ಟೇ ಸಾಲದು. ಎಚ್‌ಐವಿ, ಎಚ್‌ಟಿಎಲ್‌ವಿಯಂಥ ವೈರಾಣುಗಳು ಯಾವ ಲಕ್ಷಣವೂ ಇಲ್ಲದ ತಾಯಿಯ ಹಾಲಿನಿಂದಲೂ ಮಗುವಿಗೆ ದಾಟಬಲ್ಲವು. ಕೆಲವು ಔಷಧಗಳು, ನಿಕೋಟಿನ್, ಮದ್ಯ ಇವೂ ಹಾಲಿಗೆ ಇಳಿಯುತ್ತವೆ. ಆದ್ದರಿಂದಲೇ ಎದೆಹಾಲಿನ ಬ್ಯಾಂಕುಗಳು ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು ಸಾಮಾನ್ಯವಾಗಿ 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮೇಲಷ್ಟೇ ಕೊಡುತ್ತವೆ. ಮನೆಯವರನ್ನೇ ರಕ್ತಪರೀಕ್ಷೆಗೆ ಕೇಳುವುದು ಮುಜುಗರವೇ ಸರಿ, ಆದರೂ ಕೇಳಿ.

ಉತ್ತರ 2:
ಶುಚಿತ್ವವನ್ನೂ ಮರೆಯಬೇಡಿ. ಹಾಲು ಹಿಂಡುವ ನನ್ನ ಪಂಪನ್ನು ತೊಳೆದಿದ್ದೇನೆಂದೇ ನಂಬಿದ್ದೆ; ಬಿಚ್ಚಿ ನೋಡಿದರೆ ರಬ್ಬರ್ ಕವಾಟದ ಸಂದಿಯಲ್ಲಿ ಒಣಗಿದ ಹಾಲಿನ ಹಳದಿ ಗೆರೆಯಿತ್ತು. ಹಿಂಡಿದ ಹಾಲು ಕೋಣೆಯ ಉಷ್ಣಾಂಶದಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನಕ್ಕಿಂತ ಹೆಚ್ಚು ಇರಬಾರದು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಬೇರೆಯವರ ಕಾಯಿಸದ ಹಾಲು ಬೇಡವೇ ಬೇಡ.

ಉತ್ತರ 3:
ಹಾಲು ಸಾಲದೆಂದು ನಿಮಗೆ ಅನ್ನಿಸುತ್ತಿದೆಯೋ, ಮಗುವಿನ ತೂಕ ಹೇಳುತ್ತಿದೆಯೋ? ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗಿ ತೂಕವೂ ಏರುತ್ತಿದ್ದರೆ ಬೇರೆಯವರ ಹಾಲಿನ ಅಗತ್ಯವೇ ಇರಲಿಕ್ಕಿಲ್ಲ. ಮೊದಲು ಮಕ್ಕಳ ವೈದ್ಯರಲ್ಲಿ ತೂಗಿಸಿ.